ಮೂರು ಊರು, ಹದಿನೇಳು ಸೀನು

ಫೆಬ್ರುವರಿ ೩, ೨೦೨೫, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಹಾರದ ಭಾರಕ್ಕೆ ಬಗ್ಗಿ ಕುಳಿತಿರುವ ಗಣ್ಯರೇ, ಊಟದ ಹೊತ್ತಿಗಾದರೂ ಮುಗಿದೀತೇ ಎಂದು ಗಡಿಯಾರ ನೋಡುತ್ತಿರುವ ಸಭಿಕರೇ, ಹಾಗೂ ಹೊರಗೆ ಚಪ್ಪಲಿ ಕಾಯುತ್ತಿರುವ ಪುಣ್ಯಾತ್ಮರೇ,

ಹಾವೇರಿ ಕೋರ್ಟಿನ ಹಿಂದಿನ ಓಣಿಯ ‘ಭುವನಾ ಖಾನಾವಳಿ’ಯ ಮಾಲಕಿ, ಕನ್ನಡ ಮಾಧ್ಯಮದ ಬಿ.ಎ. ಪದವೀಧರೆ, ನಲವತ್ತಾರು ವರ್ಷದ ನಾನು ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ಒಂದು ಐತಿಹಾಸಿಕ ಸಮೀಕ್ಷೆಯನ್ನು ಉದ್ಘಾಟಿಸುತ್ತಿದ್ದೇನೆ. ರಿಬ್ಬನ್ನಿಗೆ ಕತ್ತರಿ ಸಿಗಲಿಲ್ಲ. ಈಳಿಗೆಯಿಂದ ಕೊಯ್ಯಲಾಗಿದೆ. ಚಪ್ಪಾಳೆ ಇರಲಿ.

ಹಿನ್ನೆಲೆ ಇಷ್ಟೇ. ನಮ್ಮ ಕಟ್ಟಡವನ್ನು ಕೆಡವಿ ಮೂರಂತಸ್ತು ಎಬ್ಬಿಸುತ್ತಾರಂತೆ. ಈ ತಿಂಗಳ ಇಪ್ಪತ್ತೆಂಟರೊಳಗೆ ಖಾಲಿ ಮಾಡಬೇಕು. ಖಾನಾವಳಿಯ ಹಿಂದಿನ ಕೋಣೆಯಲ್ಲೇ ಇರುವ ಸಿದ್ದವ್ವನಿಗೂ ಅದೇ ಗಡುವು. ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ರೊಟ್ಟಿ ಬಡಿಯುವವಳು ಸಿದ್ದವ್ವ. ಸುದ್ದಿ ಹೇಳಿದರೆ ಬಡಿಯುವುದನ್ನು ಕೂಡ ನಿಲ್ಲಿಸಲಿಲ್ಲ.

“ಛಲೋನ ಆತು ಬಿಡು. ನಾ ಬ್ಯಾಡಗಿಗೆ ಮಗಳ ಮನಿಗೆ ಹೊಕ್ಕೇನಿ. ಬಾರಬೇ, ಬಾರಬೇ ಅಂತ ಪ್ರಿಯಾಂಕಾ ಎರಡ ವರ್ಷದಿಂದ ಕರ್ಯಾಕತ್ತಾಳ.”

“ಮತ್ತ ರೊಟ್ಟಿ ಯಾರ ಬಡೀಬೇಕ ಸಿದ್ದಕ್ಕಾ?”

“ಹಿಟ್ಟು ಎಲ್ಲಾ ಊರಾಗೂ ಸಿಗತೈತಿ, ಕೈ ಎಲ್ಲಾ ಊರಾಗೂ ಅದಾವು. ನೀ ಎಲ್ಲಿ ಇಟ್ರೂ ನಡೀತೈತಿ ಹೋಗವಾ.”

ಆದ್ದರಿಂದ ಹೊಸ ಜಾಗಕ್ಕಾಗಿ ಸಮೀಕ್ಷೆ. ಪ್ರತಿ ಬೀದಿಗೆ ನೂರು ಅಂಕ: ಚಹಾಕ್ಕೆ ಇಪ್ಪತ್ತೈದು, ನೆರಳಿಗೆ ಇಪ್ಪತ್ತೈದು, ಅಕ್ಕಪಕ್ಕದ ಅಂಗಡಿಯವರ ಸ್ವಭಾವಕ್ಕೆ ಇಪ್ಪತ್ತೈದು, ಹಾದಿಹೋಕರ ಹಸಿವಿಗೆ ಇಪ್ಪತ್ತೈದು. ಕಣದಲ್ಲಿರುವ ಊರುಗಳು ಹಾವೇರಿ ಮತ್ತು ರಾಣೇಬೆನ್ನೂರು. ಬರೀ ಇಬ್ಬರ ಪೈಪೋಟಿ ಚುನಾವಣೆಯಂತೆ ಕಾಣಬಾರದೆಂದು ಬ್ಯಾಡಗಿಯನ್ನೂ ಸೇರಿಸಿದ್ದೇನೆ, ಅಷ್ಟೇ. ಸಿದ್ದವ್ವ ಎಲ್ಲಿಗೆ ಹೋಗುತ್ತಾಳೆ ಎಂಬುದಕ್ಕೆ ಯಾವ ಅಂಕವೂ ಇಲ್ಲ. ಇದು ವೈಜ್ಞಾನಿಕ ಸಮೀಕ್ಷೆ.

ಸಂಶೋಧನೆಗೆ ಸರ್ಕಾರದ ಅನುದಾನವೂ ದೊರೆತಿದೆ. ಹೆಂಗಸರಿಗೆ ಬಸ್ಸು ಪುಕ್ಕಟೆ.

ಫೆಬ್ರುವರಿ ೪, ಮಂಗಳವಾರ

ಮೊದಲು ನಮ್ಮೂರು. ಹದಿನಾಲ್ಕು ವರ್ಷದಿಂದ ಇರುವ ಓಣಿಯನ್ನು ಹೊಸಬಳಂತೆ ನೋಡುವುದು ಗಂಡನನ್ನು ಹೊಸಬನಂತೆ ನೋಡಿದ ಹಾಗೆ. ಪ್ರಯತ್ನಪಟ್ಟೆ.

ಕೋರ್ಟಿನ ಬೀದಿಯಲ್ಲಿ ಝೆರಾಕ್ಸ್ ಅಂಗಡಿ ಒಂಬತ್ತು, ಚಹಾದಂಗಡಿ ಆರು, ಏಲಕ್ಕಿ ಹಾರ ಮಾರುವವನು ಒಬ್ಬ. ಟೈಪಿಸ್ಟರ ಸಾಲಿನ ನಾಲ್ಕನೆಯ ಮೇಜಿನಲ್ಲಿ ನನ್ನ ಯಜಮಾನರು, ಸುಭಾಷ. ಅಲ್ಲಿ ನಿಂತು ಗಮನಿಸಿದಾಗ ತಿಳಿದದ್ದು: ಈ ಬೀದಿಯ ಹಸಿವು ತೀರ್ಪನ್ನು ಅವಲಂಬಿಸಿದೆ. ಗೆದ್ದವನು ನಾಲ್ಕು ರೊಟ್ಟಿ ತಿನ್ನುತ್ತಾನೆ. ಸೋತವನು ಆರು ತಿನ್ನುತ್ತಾನೆ. ಮುಂದಿನ ತಾರೀಖು ಸಿಕ್ಕವನು ಚಹಾ ಕುಡಿದು ಹೋಗುತ್ತಾನೆ.

ಕೋರ್ಟಿನ ಓಣಿಯೊಳಗೆ ಕರಿ ಕೋಟಿನ ಸಾಲು,
ಗೆದ್ದವರೂ ಸೋತವರೂ ಝುಣಕಕ್ಕೆ ಸಮಪಾಲು.

ನಮ್ಮ ಖಾನಾವಳಿಯ ಕ್ರಮವನ್ನು ಸಭಿಕರಿಗೆ ಇಲ್ಲೇ ತಿಳಿಸಿಬಿಡುತ್ತೇನೆ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಸಿದ್ದವ್ವ ಮೊದಲ ರೊಟ್ಟಿಗೆ ಕೈ ಹಾಕುವಾಗ, ಬಾಗಿಲ ಹಲಗೆಯ ಮೇಲೆ ಅಂದಿನ ಅಡುಗೆಯನ್ನು ನಾನು ಪದ್ಯದಲ್ಲಿ ಬರೆದು ಗಟ್ಟಿಯಾಗಿ ಓದುತ್ತೇನೆ. ಪ್ರಾಸ ಕೂಡಿದರೆ ಸಿದ್ದವ್ವ ರೊಟ್ಟಿಗೆ ಎರಡು ಪೆಟ್ಟು ಹೆಚ್ಚು ಕೊಡುತ್ತಾಳೆ. ಕೂಡದಿದ್ದರೆ ಬಡಿತ ನಿಲ್ಲುತ್ತದೆ. ಆಮೇಲೆ ಬೈಗುಳ. ಇಂದು ಮೇಲಿನದನ್ನೇ ಓದಿದೆ. ಎರಡು ಪೆಟ್ಟು ಬಿದ್ದವು.

ಹಾವೇರಿ: ೭೧ ಅಂಕ.

ಫೆಬ್ರುವರಿ ೬, ಗುರುವಾರ

ಊಟದ ಗದ್ದಲ ಮುಗಿಸಿ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಮಾರುಕಟ್ಟೆಯ ದಿನ. ಬಸ್ಸಿನಿಂದ ಒಂದು ಕಾಲು ಇಳಿಸಿದೆ, ಸೀನು. ಇನ್ನೊಂದು ಕಾಲು ಇಳಿಸಿದೆ, ಸೀನು. ನಿಲ್ದಾಣದಿಂದ ಪೇಟೆ ಮುಟ್ಟುವುದರೊಳಗೆ ಹದಿನೇಳು. ಸಂಶೋಧಕಿ ಯಾವುದನ್ನೂ ಎಣಿಸದೆ ಬಿಡಬಾರದು.

ಚೀಲ ಹೊತ್ತ ಗಾಡಿಗಳ ಸಾಲು. ನೆಲ ಕೆಂಪು, ಗೋಡೆ ಕೆಂಪು, ಎತ್ತಿನ ಕೋಡೂ ಕೆಂಪು. ತೊಟ್ಟು ಮುರಿಯುವ ಹೆಂಗಸರು ರಾಶಿಯ ನಡುವೆ ಕುಳಿತು ಯಾರದೋ ಮದುವೆಯ ಬಗ್ಗೆ ಮಾತಾಡುತ್ತಿದ್ದರು, ಒಬ್ಬರೂ ಸೀನುತ್ತಿರಲಿಲ್ಲ. ನಾನು ಮಾತ್ರ ಸೆರಗು ಮೂಗಿಗೊತ್ತಿ ಒಂದು ಬಳೆಯಂಗಡಿಯ ಮೆಟ್ಟಿಲಿಗೆ ಆತುಕೊಂಡೆ. ಅಂಗಡಿಯ ಮೆಹಬೂಬಿ ಎದ್ದು ಬಂದು ಒದ್ದೆ ಬಟ್ಟೆಯೊಂದನ್ನು ಕೈಗಿಟ್ಟಳು. ಇಂಥವರಿಗೆಂದೇ ಬಾಗಿಲಿಗೆ ತೂಗುಹಾಕಿದ್ದಳು.

“ಹೊಸಬರೇನ್ರಿ?”

“ಹೆಂಗ ಗೊತ್ತಾತು?”

“ಸೀನಿದವರು ಹೊರಗಿನವರು, ಸೀನದವರು ಊರವರು. ಇಲ್ಲೆ ಆಧಾರ ಕಾರ್ಡ ಬೇಕಾಗಂಗಿಲ್ರಿ.”

ಅವಳ ಪಕ್ಕದ ಮಳಿಗೆ ಖಾಲಿ ಇದೆ, ಅವಳದೇ. ಚಿಕ್ಕದು. ಕಿಟಕಿ ಒಂದೇ, ಅದೂ ಮೆಣಸಿನಕಾಯಿ ಕಣದ ಕಡೆಗೆ. ಹೊರಗೆ ಬೇವಿನಮರ. ಚಹಾ ತರಿಸಿದಳು, ಖಾರವಾಗಿತ್ತು. ಶುಂಠಿಯೋ ಊರಿನ ಗಾಳಿಯೋ ತಿಳಿಯಲಿಲ್ಲ.

ಎಡಕ್ಕೂ ಮೆಣಸಿನಕಾಯಿ, ಬಲಕ್ಕೂ ಮೆಣಸಿನಕಾಯಿ,
ನಡುವೆ ನನ್ನ ಮೂಗು ಒಂದೇ, ಕಾಪಾಡೇ ತಾಯಿ!

ಬರುವಾಗ ಸಿದ್ದವ್ವನ ಮಗಳ ಮನೆ ಯಾವ ಓಣಿ ಎಂದು ನೋಡಿಕೊಂಡು ಬಂದೆ. ಆ ಮಳಿಗೆಯಿಂದ ಇನ್ನೂರಾ ಹತ್ತು ಹೆಜ್ಜೆ. ಇದಕ್ಕೂ ಸಮೀಕ್ಷೆಗೂ ಸಂಬಂಧವಿಲ್ಲ.

ಬ್ಯಾಡಗಿ: ೩೮. ನಪಾಸು.

ಫೆಬ್ರುವರಿ ೮, ಶನಿವಾರ

ರಾಣೇಬೆನ್ನೂರು. ಎರಡನೆಯ ಶನಿವಾರ, ಕೋರ್ಟಿಗೆ ರಜೆ, ಯಜಮಾನರೂ ಬಂದರು. ಈ ಊರೇ ಆಗಬೇಕೆಂಬುದು ಅವರ ಹಟ. ಅವರ ಟೈಪಿಂಗು ಹಾವೇರಿಯಲ್ಲೇ ಇರುತ್ತದೆ, ಖಾನಾವಳಿ ಮಾತ್ರ ಇಲ್ಲಿಗೆ ಬರುತ್ತದೆ. ಅಂದರೆ ನಾನು ಬರುತ್ತೇನೆ.

ಆದರೆ ಒಪ್ಪಿಕೊಳ್ಳಬೇಕು, ಬೀದಿ ಎಂದರೆ ಬೀದಿ. ಒಂದು ಕಡೆ ಬೀಜದ ಅಂಗಡಿಗಳು, ಪ್ರತಿಯೊಂದರ ಮೇಲೂ ಆನೆಯ ತಲೆಯಷ್ಟು ದೊಡ್ಡ ಟೊಮ್ಯಾಟೊ ಹಣ್ಣಿನ ಚಿತ್ರ. ಇನ್ನೊಂದು ಕಡೆ ಬಟ್ಟೆ, ಬಂಗಾರ, ಕಂಬಳಿ. ಹಳ್ಳಿಯಿಂದ ಬೀಜ ಕೊಳ್ಳಲು ಬಂದವರು ಮಧ್ಯಾಹ್ನದವರೆಗೂ ಉಣ್ಣದೆ ತಿರುಗುತ್ತಿದ್ದರು. ಹಸಿವಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಗಿರಮಿಟ್ಟು ತಿಂದೆವು. ದೋಷ ಹುಡುಕಲೆಂದು ಇನ್ನೊಂದು ಪ್ಲೇಟು ತಿಂದೆ. ಸಿಗಲಿಲ್ಲ.

ಮಳಿಗೆಯ ಮಾಲೀಕರು ಪ್ರಭುಲಿಂಗಪ್ಪನವರು. ರೈಲು ನಿಲ್ದಾಣದ ಸೂಚನೆಯಂತೆ ಮಾತಾಡುತ್ತಾರೆ.

“ನಳ ಐತಿ. ಫ್ಯಾನ್ ಮೂರ ಅದಾವು. ಶಟರ್ ಹೊಸಾದು. ನೆಳ್ಳ ಐತಿ. ಮುಂದ ಗಾಡಿ ನಿಲ್ಸಾಕ ಜಾಗಾ ಐತಿ. ಇನ್ನೇನ ಬೇಕ್ರಿ ಅಕ್ಕಾರ?”

ಯಜಮಾನರು ನನ್ನ ಕಡೆ ನೋಡಿದರು. ನಾನು ಮೇಲೆ ಫ್ಯಾನಿನ ಕಡೆ ನೋಡಿದೆ.

“ವಿಚಾರ ಮಾಡಿ ಹೇಳ್ತೇನ್ರಿ.”

“ವಿಚಾರ ಮಾಡಾಕ ಏನೈತಿ ಭುವನಾ, ಎಲ್ಲಾ ಐತೆಲ್ಲ!” ಎಂದರು ಯಜಮಾನರು.

ಅಗಲ ಬೀದಿ, ಎತ್ತರ ಕಟ್ಟಡ, ಶಟರಿನ ಮೇಲೆ ಪಾಟಿ,
ರಾಣೇಬೆನ್ನೂರಿಗೆ ಇಲ್ಲವೇ ಇಲ್ಲ ಸಾಟಿ.

ರಾಣೇಬೆನ್ನೂರು: ೮೪.

ಫೆಬ್ರುವರಿ ೧೦, ಸೋಮವಾರ

ಸಾಟಿ ಪದ್ಯವನ್ನು ಸಿದ್ದವ್ವನಿಗೆ ಓದಿದೆ. ಪ್ರಾಸ ಕೂಡಿತ್ತು. ಎರಡು ಪೆಟ್ಟು ಬೀಳಲಿಲ್ಲ, ಬೈಗುಳವೂ ಬೀಳಲಿಲ್ಲ.

“ಸಾಟಿ ಇಲ್ಲಂದಮ್ಯಾಲೆ ಅಲ್ಲೇ ಹೋಗು,” ಎಂದಳು. ಅಷ್ಟೇ. ರೊಟ್ಟಿಯ ಅಂಚು ಸೀದಿತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ಬೀದಿ ತೀರ ಅಗಲವಾದದ್ದಕ್ಕೆ ರಾಣೇಬೆನ್ನೂರಿನಿಂದ ಹತ್ತು ಅಂಕ ಕಳೆದಿದ್ದೇನೆ. ಎದುರಿನ ಅಂಗಡಿಯವರಿಗೆ “ಊಟ ಆತೇನ್ರಿ?” ಎಂದು ಕೂಗಿದರೆ ಕೇಳಿಸುವುದಿಲ್ಲ. ಈಗ ೭೪.

ಫೆಬ್ರುವರಿ ೧೩, ಗುರುವಾರ

ಬ್ಯಾಡಗಿ ಅಭ್ಯರ್ಥಿಯಿಂದ ಮರುಮೌಲ್ಯಮಾಪನಕ್ಕೆ ಅರ್ಜಿ ಬಂದಿರುವುದರಿಂದ (ಅರ್ಜಿಯನ್ನು ನಾನೇ ಬರೆದೆ, ಊರಿಗೆ ಬರೆಯಲು ಬರುವುದಿಲ್ಲ) ಮತ್ತೆ ಹೋಗಬೇಕಾಯಿತು. ಸೀನು: ಎಂಟು.

ಮೆಹಬೂಬಿಯ ಅಂಗಡಿಯಲ್ಲಿ ಒಂದು ತಾಸು ಕುಳಿತೆ. ಈ ಬೀದಿಯಲ್ಲಿ ಯಾರೂ ಸುಮ್ಮನೆ ಹಾದುಹೋಗುವುದಿಲ್ಲ. ಎದುರಿನ ಕಿರಾಣಿ ಅಂಗಡಿಯ ಇಸ್ಮಾಯಿಲಸಾಬರು ಕುಳಿತಲ್ಲಿಂದಲೇ ನಾನು ಯಾವ ಊರು, ಯಾರ ಪೈಕಿ, ಮಕ್ಕಳೆಷ್ಟು ಎಂದೆಲ್ಲ ಕೇಳಿದರು. ಉತ್ತರವನ್ನು ಆಚೆಯ ದರ್ಜಿ ಕೊಟ್ಟ. ಅವನಿಗೆ ಮೆಹಬೂಬಿ ಹೇಳಿದ್ದಳಂತೆ.

“ಖಾನಾವಳಿ ಇಟ್ಟರ ನಡದೀತೇನ್ರಿ ಇಲ್ಲೆ?” ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದೆ, ಸಂಶೋಧಕಿಯ ದನಿಯಲ್ಲಿ.

“ಮಾರ್ಕೆಟ್ ದಿವಸ ಊರ ತುಂಬ ಮಂದಿ, ರೊಟ್ಟಿ ಮಾತ್ರ ಕಣ್ಣಿಗಿ ಬೀಳಂಗಿಲ್ಲ,” ಎಂದಳು ಮೆಹಬೂಬಿ. “ಆದ್ರ ಚಟ್ನಿ ಛಂದ ಇರಬೇಕ ನೋಡ್ರಿ. ಈ ಊರಾಗ ಸಪ್ಪಗಿನ ಚಟ್ನಿ ಕೊಟ್ರ ಪೊಲೀಸರಿಗೆ ಕರೀತಾರ.”

ನೆರೆಯವರ ಸ್ವಭಾವಕ್ಕೆ ಹದಿನಾಲ್ಕು ಅಂಕ ಹೆಚ್ಚಿಸಲಾಗಿದೆ. ಬ್ಯಾಡಗಿ: ೫೨. ಪಾಸು.

ಫೆಬ್ರುವರಿ ೧೭, ಸೋಮವಾರ

ಯಜಮಾನರು ಗುತ್ತಲದಿಂದ ಜಯವ್ವ ಎಂಬವಳನ್ನು ಕರೆದುಕೊಂಡು ಬಂದರು. ರೊಟ್ಟಿ ಬಡಿಯಲು ಬಲ್ಲವಳು, ರಾಣೇಬೆನ್ನೂರಿಗೆ ಬರಲು ತಯಾರು. ಸಿದ್ದವ್ವ ಹಲ್ಲು ತೋರಿಸಲು ದವಾಖಾನೆಗೆ ಹೋದ ವೇಳೆ ನೋಡಿ ಪರೀಕ್ಷೆ ಇಟ್ಟೆವು.

ಜಯವ್ವ ಬಡಿದಳು. ನಾನು ಗಮನವಿಟ್ಟು ನೋಡಿದೆ, ಮುರಿದೆ, ತಿಂದೆ. ದೋಷಗಳ ಪಟ್ಟಿ: ಒಂದು, ರೊಟ್ಟಿ ಅತಿ ದುಂಡಗಿದೆ, ಕೈಯಿಂದ ಮಾಡಿದಂತೆ ಕಾಣುವುದಿಲ್ಲ. ಎರಡು, ಬಡಿತದ ಸಪ್ಪಳ ತೀರ ಸಣ್ಣದು, ಬೀದಿಗೆ ಕೇಳದ ರೊಟ್ಟಿಗೆ ಗಿರಾಕಿ ಹೇಗೆ ಬಂದಾನು? ಮೂರು, ಕೆಳಗೆ ಕಾಣಿಸಿದ ಪ್ರಕರಣ.

ಅವಳನ್ನು ಪರೀಕ್ಷಿಸಲೆಂದೇ ಹಲಗೆಯ ಮೇಲೆ ಬೇಕಂತ ಕೆಟ್ಟದ್ದೊಂದು ಬರೆದು ಓದಿದೆ:

ಕಾಳಿನ ಪಲ್ಯ, ಕೆಂಪು ಚಟ್ನಿ, ಮೆಂತ್ಯೆಯ ಪಚಡಿ,
ಉಂಡು ಹೋಗುವ ಮಂದಿ ಮರೆಯದಿರಿ ಚಪ್ಪಲಿ.

“ಭಾಳ ಛಂದ ಐತ್ರಿ ಅಕ್ಕಾರ,” ಎಂದಳು ಜಯವ್ವ.

ಪಾಪ, ಒಳ್ಳೆಯ ಹೆಂಗಸು. ಚಹಾ ಕುಡಿಸಿ ಬಸ್ಸಿಗೆ ಬಿಟ್ಟು ಬಂದೆ. ಯಜಮಾನರು ಅವಳ ರೊಟ್ಟಿ ಐದು ತಿಂದಿದ್ದರು.

“ಇಷ್ಟ ಚಲೋ ರೊಟ್ಟಿಗೆ ಏನ ಕಡಿಮಿ ಆಗಿತ್ತ ನಿನಗ?”

“ಸಪ್ಪಳರಿ.”

“ನಾವ್ ರೊಟ್ಟಿ ಮಾರಾವ್ರೋ, ಡೊಳ್ಳು ಬಾರಸಾವ್ರೋ?”

ಸಂಶೋಧನೆಯ ಸೂಕ್ಷ್ಮಗಳು ಟೈಪಿಸ್ಟರಿಗೆ ತಿಳಿಯುವುದಿಲ್ಲ.

ಸಂಜೆ ಸಿದ್ದವ್ವ ಬಂದಳು. ಹಲಗೆ ಅಳಿಸಲು ಮರೆತಿದ್ದೆ. ಅವಳಿಗೆ ಓದಲು ಬರುವುದಿಲ್ಲ, ಓದಿಸಿ ಕೇಳಿದಳು. ಊದಿದ ದವಡೆಯನ್ನು ಹಿಡಿದುಕೊಂಡೇ ಅಂದಳು: “ಇದೇನ ಪದ್ಯನೋ, ಗುಡಿ ಮುಂದಿನ ನೋಟೀಸೋ? ಹಲ್ಲ ಕಿತ್ತಿದ್ದಕಿಂತ ಇದ ನೋಯಾಕತ್ತೈತಿ!”

ಇವತ್ತಿನ ದಿನ ಒಟ್ಟಾರೆ ಚೆನ್ನಾಗಿತ್ತು.

ಫೆಬ್ರುವರಿ ೨೦, ಗುರುವಾರ

ಬ್ಯಾಡಗಿ, ಮೂರನೆಯ ಭೇಟಿ. ಸೀನು: ಎರಡು, ಅದರಲ್ಲಿ ಒಂದು ಬಸ್ಸಿನ ಧೂಳಿನದು. ಇಸ್ಮಾಯಿಲಸಾಬರು ತಾವೇ ಎದ್ದು ಕುರ್ಚಿ ಹಾಕಿದರು. ಬೇವಿನಮರದ ನೆರಳು ನಾಲ್ಕು ಗಂಟೆಗೆ ಮಳಿಗೆಯ ಹೊಸ್ತಿಲ ಮೇಲೆ ಬರುತ್ತದೆ. ಮೊದಲ ಸಲ ಇದನ್ನು ಗಮನಿಸಿರಲಿಲ್ಲ, ಕಣ್ಣಲ್ಲಿ ನೀರಿತ್ತು. ಚಹಾ ಖಾರವಲ್ಲ, ಅದಕ್ಕೊಂದು ವ್ಯಕ್ತಿತ್ವ ಇದೆ ಅಷ್ಟೇ. ಬ್ಯಾಡಗಿ: ೭೯.

ರಾಣೇಬೆನ್ನೂರು ೬೧ಕ್ಕೆ ಇಳಿದಿದೆ. ಟೊಮ್ಯಾಟೊ ಚಿತ್ರಗಳು ಹೆದರಿಸುವಂತಿವೆ.

ಈ ಡೈರಿಯನ್ನು ಕೊಟ್ಟದ್ದೂ ರಾಣೇಬೆನ್ನೂರಿನ ಒಂದು ಬೀಜದ ಅಂಗಡಿಯೇ. ಪುಟದ ಕೆಳಗೆ “ಸವತಿ ಬಳ್ಳಿಗೆ ಆಸರೆ ಕೊಡಿ” ಎಂದು ಅಚ್ಚಾಗಿದೆ. ಅದನ್ನು ನೋಡುವ ನೆಪದಲ್ಲಿ ಯಜಮಾನರು ಅಂಕಪಟ್ಟಿಯನ್ನೂ ನೋಡಿದರು.

“ಮತ್ತೊಮ್ಮೆ ಹೋಗಲಾರದ ಊರಿನ ಮಾರ್ಕ್ಸ್ ಹೆಂಗ ಕಡಿಮಿ ಆದವು?”

“ದೂರದಿಂದ ನೋಡಿದ್ರ ಖರೇ ಗುಣ ಕಾಣಸ್ತಾವ್ರಿ.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಇಪ್ಪತ್ತು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವರು.

“ಸಿದ್ದವ್ವಗ ಕೇಳೀದಿ ಏನು?”

“ಏನಂತ ಕೇಳ್ಬೇಕು? ಆಕಿಗೂ ಇದಕ್ಕೂ ಸಂಬಂಧ ಇಲ್ಲ.”

“ಹಂಗಾರ ಪ್ರಭುಲಿಂಗಪ್ಪನವರಿಗೆ ಒಲ್ಲೆ ಅಂತ ಫೋನ್ ಮಾಡ್ಲಿ?”

“ಮಾಡ್ರಿ,” ಎಂದೆ. ಆಮೇಲೆ ಸವತಿ ಬಳ್ಳಿಯ ಬಗ್ಗೆ ಓದಿದೆ.

ಫೆಬ್ರುವರಿ ೨೪, ಸೋಮವಾರ

ಸಿದ್ದವ್ವ ತನ್ನ ಹಂಚನ್ನು ತೊಳೆದು ಹಳೆ ಸೀರೆಯಲ್ಲಿ ಸುತ್ತಿಟ್ಟಳು. ಕಬ್ಬಿಣದ ಹಂಚು, ಅವಳ ತವರಿನದು. ಇಂದು ರೊಟ್ಟಿಯನ್ನು ನನ್ನ ಹಂಚಿನ ಮೇಲೆ ಬೇಯಿಸಿದಳು. ಪದ್ಯ ಬರೆಯಲಿಲ್ಲ. ಹಲಗೆಯ ಮೇಲೆ “ಊಟ ಸಿಗುತ್ತದೆ” ಎಂದಷ್ಟೇ ಬರೆದೆ.

ಫೆಬ್ರುವರಿ ೨೫, ಮಂಗಳವಾರ

ಊಟ ಸಿಗುತ್ತದೆ.

ಫೆಬ್ರುವರಿ ೨೭, ಗುರುವಾರ

ನಿನ್ನೆ ಶಿವರಾತ್ರಿಯ ಉಪವಾಸ. ಇವತ್ತು ಸಿದ್ದವ್ವ ಹೊರಟಳು. ಒಂದು ಟ್ರಂಕು, ಒಂದು ಚೀಲ, ಒಂದು ಹಂಚು. ಹಂಚು ಭಾರವೆಂಬ ಒಂದೇ ಕಾರಣಕ್ಕೆ ನಾನೂ ಜೊತೆಗೆ ಹೊರಟೆ.

ಬಸ್ಸಿನಲ್ಲಿ ಹಂಚು ನನ್ನ ತೊಡೆಯ ಮೇಲೆ. ಕಂಡಕ್ಟರ್ ಬಂದು ಇಬ್ಬರಿಗೂ ಪುಕ್ಕಟೆ ಚೀಟಿ ಹರಿದ. “ಇದಕ ಲಗೇಜ್ ಆಗತೈತಿ ನೋಡ್ರಿ,” ಎಂದು ಹಂಚಿನ ಮೇಲೆ ಪೆನ್ನಿನಿಂದ ಕುಟ್ಟಿದ.

“ಅದೂ ಹೆಣಮಗಳ ಐತೆಪಾ,” ಎಂದಳು ಸಿದ್ದವ್ವ. “ನಲವತ್ತ ವರ್ಷ ಬೆಂಕಿ ಮ್ಯಾಲೆ ಕುಂತು ಯಾರಿಗೂ ಒಂದ ಮಾತ ಅಂದಿಲ್ಲ. ಗಂಡ್ಸಾಗಿದ್ರ ಅಂತಿತ್ತಿಲ್ಲ?”

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಮುಂದಿನ ಸೀಟಿಗೆ ಹೋದ.

ಬ್ಯಾಡಗಿಯಲ್ಲಿ ಇಳಿದೊಡನೆ ಸಿದ್ದವ್ವ ಸೀನಲು ಶುರುಮಾಡಿದಳು. ಹನ್ನೊಂದು. ಮಗಳ ಮನೆಗೆ ಹಬ್ಬಕ್ಕೆ ಬಂದಿದ್ದಾಳೆಯೇ ಹೊರತು ಮಾರುಕಟ್ಟೆಯ ದಿನ ಎಂದೂ ಬಂದವಳಲ್ಲ. ನಡುವೆ ದಾರಿಯಲ್ಲಿ ಹುಬ್ಬಳ್ಳಿ ಕಡೆಯ ವ್ಯಾಪಾರಿಯೊಬ್ಬ ಸೀನಿ ಸೀನಿ ಬಳೆಯಂಗಡಿಯ ಕಂಬ ಹಿಡಿದು ನಿಂತಿದ್ದ. ಮೆಹಬೂಬಿ ಒಳಗಿದ್ದಳು. ಬಾಗಿಲಿಗೆ ತೂಗುಹಾಕಿದ್ದ ಒದ್ದೆ ಬಟ್ಟೆಯನ್ನು ನಾನೇ ತೆಗೆದು ಅವನ ಕೈಗಿಟ್ಟೆ.

“ಹೊಸಬರೇನ್ರಿ?” ಎಂದೆ.

ಸಿದ್ದವ್ವ ಹನ್ನೆರಡನೆಯ ಸೀನನ್ನು ಅರ್ಧಕ್ಕೆ ತಡೆದು ನನ್ನನ್ನು ನೋಡಿದಳು.

ಅಷ್ಟರಲ್ಲಿ ಮೆಹಬೂಬಿ ಹೊರಗೆ ಬಂದಳು. “ಬಂದ್ರೇನ್ರಿ ಅಕ್ಕಾ! ಒಲಿ ಛಂದಂಗ ಒಣಗೇತಿ ನೋಡ್ರಿ. ಒಂದ ಬಿರುಕು ಸುದ್ದಾ ಬಿಟ್ಟಿಲ್ಲ.”

“ಯಾವ ಒಲಿ?” ಎಂದಳು ಸಿದ್ದವ್ವ.

ಸಮೀಕ್ಷಾ ವರದಿಯನ್ನು ಮಂಡಿಸಲು ಇದೇ ತಕ್ಕ ಸಮಯವೆಂದು ನಾನು ಡೈರಿ ತೆರೆದೆ. “ಸಿದ್ದಕ್ಕಾ, ಇಲ್ಲಿ ಕೇಳು. ನೆಳ್ಳಿಗೆ ಇಪ್ಪತ್ಮೂರು, ನೆರಿಯವರ ಸ್ವಭಾವಕ್ಕ ಇಪ್ಪತ್ನಾಕು…”

ಅವಳು ಕೇಳಲಿಲ್ಲ. ಮಳಿಗೆಯೊಳಗೆ ಹೋಗಿ ಮಣ್ಣಿನ ಒಲೆಯ ಮುಂದೆ ಕುಳಿತಳು. ಅಂಚನ್ನು ಹೆಬ್ಬೆರಳಿನಿಂದ ಒತ್ತಿದಳು. ಎಡಗೈ ಚಾಚಿ ಹಿಟ್ಟಿನ ಬುಟ್ಟಿ ಎಲ್ಲಿ ಬರಬಹುದೆಂದು ಗಾಳಿಯಲ್ಲಿ ತಡಕಿದಳು. ಆಮೇಲೆ ಕುಳಿತಲ್ಲಿಂದಲೇ ಬೀದಿಯನ್ನು ನೋಡಿದಳು.

“ಪ್ರಿಯಾಂಕಾನ ಮನಿ ಇಲ್ಲಿಂದ ಎಷ್ಟ ದೂರ?”

“ಇನ್ನೂರಾ ಹತ್ತ ಹೆಜ್ಜಿ.”

“ಅಳದೀ?”

“ಸಮೀಕ್ಷೆ…”

“ಏ, ಸುಡ್ಲಿ ನಿನ್ನ ಸಮೀಕ್ಷೆ! ನಾಕ ವಾರದಿಂದ ಬಾಯಿ ಬಿಟ್ಟು ಒಮ್ಮೆರೆ ‘ಸಿದ್ದಕ್ಕಾ, ನೀ ಇರು’ ಅಂದೀ? ನೀ ರಾಣೇಬೆನ್ನೂರಿಗೆ ಹೊಂಟೀ ಅಂತ ನಾ ಅಲ್ಲೆ ರೊಟ್ಟಿ ಸುಟಗೊಂತ ಕುಂತಿದ್ದೆ.” ದನಿ ಒಡೆಯಿತು, ಸೀನು ಬಂತು, ಯಾವುದು ಯಾವುದೆಂದು ತಿಳಿಯಲಿಲ್ಲ. “ಈ ಒಲಿ ಎಡಕ ತಗ್ಗ ಆಗೇತಿ. ಯಾರ ಹಾಕ್ಯಾರಿದನ್ನ? ಹಂಚು ಜಾರತೈತಿ. ಸ್ವಲ್ಪ ಕೆಮ್ಮಣ್ಣ ಕಲಸಿಕೊಂಡ ಬಾ.”

ಕೆಮ್ಮಣ್ಣು ಕಲಸಲು ಕುಳಿತೆ.

“ಸುಮ್ಮನ ಏನ ಕಲಸ್ತೀ, ಪದ್ಯ ಹೇಳು.”

ತೋಚಿದ್ದನ್ನು ಹೇಳಿದೆ:

ಮಗಳ ಮನೆ ಅತ್ತ ಕಡೆ, ಒಲೆ ಮಾತ್ರ ಇತ್ತ,
ನಡುವೆ ನಡೆದು ಬರಲಿ ಸಿದ್ದವ್ವ ಸೀನುತ್ತ.

ಹಿಟ್ಟಿರಲಿಲ್ಲ. ಬರಿಯ ಹಂಚಿನ ಮೇಲೆ ಅಂಗೈಯಿಂದ ಎರಡು ಪೆಟ್ಟು ಹೊಡೆದಳು.

ನನ್ನ ಸೀನಿನ ಸಂಖ್ಯೆ: ಬರೆದುಕೊಳ್ಳಲು ಮರೆತಿದ್ದೇನೆ. ಸಂಶೋಧನೆಯಲ್ಲಿ ಇಂಥ ಲೋಪ ಆಗಬಾರದಿತ್ತು.

ಫೆಬ್ರುವರಿ ೨೮, ಶುಕ್ರವಾರ

ಮಾನ್ಯ ಅಧ್ಯಕ್ಷರೇ, ಹಾರ ತೆಗೆದಿಟ್ಟ ಗಣ್ಯರೇ, ಇನ್ನೂ ಎದ್ದು ಹೋಗದ ಸಭಿಕರೇ,

ಕೀಲಿಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿ ಬಂದೆ. ಸಮೀಕ್ಷೆಯ ಅಂತಿಮ ಫಲಿತಾಂಶವನ್ನು ಘೋಷಿಸಲು ಹರ್ಷವಾಗುತ್ತಿದೆ. ಬ್ಯಾಡಗಿ ೯೬. ಹಾವೇರಿ ೭೧. ರಾಣೇಬೆನ್ನೂರು ೪೦. ಕಟ್ಟುನಿಟ್ಟಾದ, ನಿಷ್ಪಕ್ಷಪಾತವಾದ, ವೈಜ್ಞಾನಿಕವಾದ…

ಸಾಕು.

ರಾಣೇಬೆನ್ನೂರಿನ ಮಳಿಗೆ ಮೂರರಲ್ಲಿ ಎಲ್ಲಕ್ಕಿಂತ ಚಲೋ ಇತ್ತು. ಜಯವ್ವನ ರೊಟ್ಟಿ ಸಿದ್ದವ್ವನದಕ್ಕಿಂತ ತೆಳ್ಳಗಿತ್ತು, ದುಂಡಗಿತ್ತು, ನಾನೂ ಯಾರೂ ಕಾಣದಂತೆ ನಾಲ್ಕು ತಿಂದೆ. ಅವಳನ್ನು ಪ್ರಭುಲಿಂಗಪ್ಪನವರ ಮಳಿಗೆ ಹಿಡಿದವರಿಗೆ ಪರಿಚಯಿಸಿ ಬಂದಿದ್ದೇನೆ. ಮೆಹಬೂಬಿಯ ಮಳಿಗೆ ಹಿಡಿದು ಒಲೆ ಹಾಕಿಸಲು ಹೇಳಿದ್ದು ಮೊದಲ ಗುರುವಾರವೇ, ಹದಿನೇಳನೆಯ ಸೀನು ಮುಗಿದು ಮೂಗು ಒರೆಸಿಕೊಂಡ ಮೇಲೆ. ಆಮೇಲಿನ ಅಂಕಗಳೆಲ್ಲ ಸುಳ್ಳು.

ಅಧ್ಯಕ್ಷರೂ ಇಲ್ಲ, ಸಭಿಕರೂ ಇಲ್ಲ. ಹದಿನಾಲ್ಕು ವರ್ಷದಿಂದ ನನ್ನ ಪದ್ಯ ಕೇಳಿದ್ದು ಒಬ್ಬಳೇ, ಅವಳು ಎಲ್ಲಿ ಕೂರುತ್ತಾಳೋ ಅಲ್ಲೇ ನನಗೂ ಅಂಗಡಿ.